ಸೂಜಿಮಾಮನ ಮಾತಿನ ಪುಸ್ತಕ

ಸೂಜಿಮಾಮ ಪುಸ್ತಕ ಕೊಳ್ಳುವುದನ್ನು ನೀವು ನೋಡಬೇಕಿತ್ತು. ಓದುವ ಪುಸ್ತಕವಲ್ಲ, ಬರೆಯುವ ಖಾಲಿ ಪುಸ್ತಕ. ಅಂಗಡಿಯ ಮೇಜಿನ ಮೇಲೆ ಹತ್ತು ಬಗೆ ಹರವಿಸಿಕೊಳ್ಳುವನು. ಒಂದೊಂದನ್ನೂ ನಡುಮಧ್ಯಕ್ಕೆ ಬಿಡಿಸಿ, ಕನ್ನಡಕ ಹಣೆಗೇರಿಸಿ, ಮಡಿಕೆಯೊಳಗಿನ ದಾರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಹೊಲಿಗೆ ಎಣಿಸುವನು. ನಲವತ್ತು ವರ್ಷ ಊರೂರು ತಿರುಗಿ ದರ್ಜಿಗಳ ಹೊಲಿಗೆ ಯಂತ್ರ ರಿಪೇರಿ ಮಾಡಿದ ಮನುಷ್ಯ ಅವನು. ಸೂಜಿಮಾಮ ಎನ್ನುವುದು ಆ ದರ್ಜಿಗಳೇ ಇಟ್ಟ ಹೆಸರು. ಹೊಲಿಗೆ ಸಡಿಲವಿದ್ದ ಪುಸ್ತಕವನ್ನು ಅವನು ಎರಡೇ ಬೆರಳಲ್ಲಿ ಎತ್ತಿ ಪಕ್ಕಕ್ಕಿಡುವ ರೀತಿಗೆ ಪುಸ್ತಕಕ್ಕೇ ನಾಚಿಕೆಯಾಗಬೇಕು.

ಅಂಗಡಿಯಾಕೆಗೆ ಅದೊಂದು ತಮಾಷೆ. "ಮಾಮ, ಅದು ಬುಕ್ಕು, ಅಂಗಿಯಲ್ಲ. ಬೇಕಿದ್ರೆ ಹಾಕ್ಕೊಂಡು ನೋಡಿ" ಎನ್ನುವಳು. ಮಾಮ ನಗುವನು. ಆ ನಗೆಗೆ ಸದ್ದಿರಲಿಲ್ಲ. ಗಂಟಲಿಗೆ ಕ್ಯಾನ್ಸರ್ ಬಂದು, ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿ ನಾಲ್ಕು ವರ್ಷವಾಗಿತ್ತು. ಕತ್ತಿನಲ್ಲಿ ಮಾಡಿದ ತೂತಿನಿಂದಲೇ ಉಸಿರಾಟ, ಅದರ ಮೇಲೊಂದು ತೆಳು ಬಟ್ಟೆ. ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟು ನೋಡಿದರು. ಅದು ಎಣ್ಣೆ ಕಾಣದ ಯಂತ್ರದ ಹಾಗೆ ಕಿರುಗುಟ್ಟಿತೇ ಹೊರತು ಮಾತಾಗಲಿಲ್ಲ. ಅಂಥ ಸದ್ದನ್ನು ಸರಿಪಡಿಸುವುದರಲ್ಲೇ ಜೀವಮಾನ ಕಳೆದವನು, ತಾನೇ ಆ ಸದ್ದು ಮಾಡಲು ಒಪ್ಪಲಿಲ್ಲ. ಅಂದಿನಿಂದ ಅವನ ಮಾತೆಲ್ಲ ಕಾಗದದ ಮೇಲೆ.

ಕಾಗದದ ಮೇಲೆ ಬದುಕುವವನಿಗೆ ಕಾಗದದ ರುಚಿ ತಾನಾಗಿಯೇ ಬರುತ್ತದೆ. ತಂತಿ ಸುತ್ತಿದ ಪುಸ್ತಕ ಜೇಬಿನ ದಾರ ಕೀಳುತ್ತದೆ, ಬೇಡ. ಅಂಟು ಹಾಕಿದ್ದು ಬಿಡಿಸಿಟ್ಟರೆ ನಿಲ್ಲುವುದಿಲ್ಲ, ಬಾಯಿ ಮುಚ್ಚಿಕೊಳ್ಳುತ್ತದೆ. ರಟ್ಟು ಗಟ್ಟಿಯಿರಬೇಕು, ಬಸ್ಸಿಗೆ ನಿಂತಾಗ ಅಂಗೈ ಮೇಲಿಟ್ಟು ಬರೆಯಬೇಕಲ್ಲ. ಹೊಸ ಪುಸ್ತಕ ಬಂದ ದಿನ ಅವನು ಮೊದಲ ಹಾಳೆಯ ಮೇಲೆ ಅಂಗೈ ಆಡಿಸಿ, ಮಡಿಕೆ ಒತ್ತಿ ನೋಡಿ, ಆಮೇಲೆ "ನನಗೆ ಮಾತು ಬರುವುದಿಲ್ಲ, ಕಿವಿ ಕೇಳುತ್ತದೆ, ಕೂಗಬೇಡಿ" ಎಂದು ಬರೆಯುವನು. ಆ ಒಂದು ಗಳಿಗೆ ಅವನ ಮುಖ ನೋಡಿದರೆ, ಕಾಯಿಲೆ ಬಿದ್ದವನೆಂದು ಯಾರೂ ಹೇಳುವಂತಿರಲಿಲ್ಲ. ಹೆಂಡತಿಗೆ ಮಾತ್ರ ದಪ್ಪ ಕಾಗದದ ಮೇಲೆ ಹಟ. ಗಂಡನಿಗೆ ಸಿಟ್ಟು ಬಂದರೆ ಪೆನ್ನು ಒತ್ತಿ ಒತ್ತಿ ಹಾಳೆಯೇ ಸೀಳಿಹೋಗುತ್ತಿತ್ತು. "ಮೆಲ್ಲಗೆ ಮಾತಾಡಿ, ಪಕ್ಕದ ಪುಟಕ್ಕೆ ಕೇಳಿಸುತ್ತೆ" ಎಂದು ಅವಳು ಅಡುಗೆಮನೆಯಿಂದ ರೇಗಿಸುವಳು.

ಇಷ್ಟೆಲ್ಲ ಆರಿಸಿ ಕೊಳ್ಳುತ್ತಿದ್ದ ಪುಸ್ತಕಗಳಲ್ಲಿ ಒಂದು ಮಾತ್ರ ಪ್ರಯಾಣದ್ದು. ತಿಂಗಳಿಗೊಮ್ಮೆ ಬೆಳಗಿನ ರೈಲು ಹಿಡಿದು ಅವನು ಅಕ್ಕನ ಊರಿಗೆ ಹೋಗುತ್ತಿದ್ದ. ಮಧ್ಯಾಹ್ನವೆಲ್ಲ ಕೂತು ಮಾತಾಡಿ ಸಂಜೆಯ ರೈಲಿಗೆ ವಾಪಸು. ಹತ್ತು ವರ್ಷ ದೊಡ್ಡವಳು ಅಕ್ಕ, ಮಗಳ ಜೊತೆ ಇದ್ದಳು. ಮಗಳಿಗೆ ಅಂಚೆ ಕಚೇರಿಯಲ್ಲಿ ಕೆಲಸ, ಒಂಬತ್ತಕ್ಕೆ ಹೋದರೆ ಆರಕ್ಕೆ ಮನೆ. ಅಕ್ಕ ಬಾಯಲ್ಲಿ ಮಾತಾಡುವಳು, ತಮ್ಮ ಬರೆದು ತೋರಿಸುವನು. ಹೊರಗಿನಿಂದ ಕೇಳಿದವರಿಗೆ ಮುದುಕಿ ಒಬ್ಬಳೇ ಮಾತಾಡುತ್ತಾಳೆ, ಒಬ್ಬಳೇ ನಗುತ್ತಾಳೆ ಎನಿಸಬೇಕು.

ಆ ನಗೆಯ ನಡುವೆ ಅವನ ಹೊಟ್ಟೆಯಲ್ಲಿ ಒಂದು ಮಾತು ಕೂತಿತ್ತು. ಅದನ್ನು ಹೇಳುವುದಕ್ಕೇ ಅವನು ಪ್ರತಿ ತಿಂಗಳೂ ಹೊರಡುತ್ತಿದ್ದ, ಹೇಳದೆ ಪ್ರತಿ ತಿಂಗಳೂ ಬರುತ್ತಿದ್ದ.

ಮೂವತ್ತೆರಡು ವರ್ಷದ ಹಿಂದಿನ ಮಾತು. ತಾಯಿ ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಆ ಬೀದಿಗೆಲ್ಲ ಫೋನಿದ್ದದ್ದು ಗೋಡೆಯಾಚೆಯ ಮನೆಯಲ್ಲಿ ಮಾತ್ರ. ಅಲ್ಲಿಯಾಕೆ ಅಕ್ಕನ ಜೀವದ ಗೆಳತಿ, ಎಲ್ಲರ ಬಾಯಲ್ಲೂ ಫೋನಿನಾಕೆ. ತಾಯಿಗೆ ಜಾಸ್ತಿಯಾಗಿದೆ ಎಂದು ಅವಳೇ ಮೂರು ಸಲ ಫೋನ್ ಮಾಡಿದ್ದಳು. ಮೂರು ಸಲವೂ ಇವನು ಎದ್ದುಬಿದ್ದು ಬಂದರೆ, ತಾಯಿ ದಿಂಬಿಗೊರಗಿ ಕಾಫಿ ಕುಡಿಯುತ್ತ, "ಸೊರಗಿದೀಯಲ್ಲೋ" ಎಂದು ಇವನನ್ನೇ ವಿಚಾರಿಸಿಕೊಂಡಿದ್ದಳು. ನಾಲ್ಕನೇ ಸಲ ಫೋನ್ ಬಂದದ್ದು ಒಂದು ಶನಿವಾರ ಮಧ್ಯಾಹ್ನ, ಅವನು ತಿರುಗಾಟವಿಲ್ಲದೆ ಊರಲ್ಲಿದ್ದ ದಿನ. ವರ್ಕ್‌ಶಾಪಿನಲ್ಲಿ ಎತ್ತಿದವನು ಇವನೇ. "ಈಗಲೇ ಹೊರಡು" ಎಂದಳು ಫೋನಿನಾಕೆ. "ಹ್ಞೂಂ" ಎಂದ. ಎರಡು ಗಂಟೆಗೆ ರೈಲಿತ್ತು. ಇವನು ಜೊತೆಗಾರರೊಂದಿಗೆ ಸಿನಿಮಾಕ್ಕೆ ಹೋದ. ನಾಳೆ ಹೋದರಾಯಿತು, ಇನ್ನೊಂದು ಕಾಫಿ ಕುಡಿಯುತ್ತ ಕೂತಿರುತ್ತಾಳೆ ಎಂದುಕೊಂಡ. ಅಷ್ಟೇ ನಡೆದದ್ದು. ತಾಯಿ ಅಂದು ಸಂಜೆ, ಬಾಗಿಲ ಕಡೆ ನೋಡುತ್ತ ನೋಡುತ್ತ ಪ್ರಾಣ ಬಿಟ್ಟಿದ್ದಳು.

ಮರುದಿನ ಹೊಸ್ತಿಲಲ್ಲೇ ಅಕ್ಕ ಕೇಳಿದಳು, "ಫೋನ್ ಬರಲಿಲ್ವೇನೋ ನಿಂಗೆ?"

"ಇಲ್ಲ" ಎಂದುಬಿಟ್ಟ. ಆಗ ಅವನಿಗೆ ಧ್ವನಿಯಿತ್ತು, ಆ ಧ್ವನಿ ನಡುಗಲೂ ಇಲ್ಲ.

"ಅವನೇ ಎತ್ತಿದ, ಅವನ ಜೊತೇನೇ ಮಾತಾಡಿದೆ" ಎಂದು ಫೋನಿನಾಕೆ ಬಡಕೊಂಡಳು. "ಹಾಗಾದ್ರೆ ನನ್ನ ತಮ್ಮ ಸುಳ್ಳುಗಾರನಾ?" ಎಂದಳು ಅಕ್ಕ. ಅಲ್ಲಿಗೆ ಆ ಎರಡು ಮನೆಗಳ ಮಾತು ನಿಂತಿತು. ಒಂದೇ ಗೋಡೆ, ಒಂದೇ ನಲ್ಲಿ. ಬಟ್ಟೆ ಒಣಹಾಕುವಾಗ ಇಬ್ಬರೂ ಬೆನ್ನು ತಿರುಗಿಸಿ ನಿಲ್ಲುವರು. ಫೋನಿನಾಕೆಯ ಗಂಡ ಸತ್ತಾಗ ಅವಳ ಅಳು ಗೋಡೆ ದಾಟಿ ಬಂತು, ಅಕ್ಕ ಮಾತ್ರ ಗೋಡೆ ದಾಟಿ ಹೋಗಲಿಲ್ಲ. ಒಬ್ಬ ಗಂಡಸಿನ ಒಂದು "ಇಲ್ಲ" ಏನೆಲ್ಲ ಮಾಡಬಲ್ಲದು ನೋಡಿ. ನನಗಂತೂ ಇದನ್ನು ಹೇಳುವಾಗ ಅವನ ಮೇಲೆ ಸಿಟ್ಟೇ ಬರುತ್ತದೆ, ಮರುಗಳಿಗೆಗೆ ಅಯ್ಯೋ ಎನಿಸುತ್ತದೆ.

ಧ್ವನಿ ಇದ್ದಾಗ ನಾಲಿಗೆ ಏಳಲಿಲ್ಲ. ಧ್ವನಿ ಹೋದ ಮೇಲೆ, ಬರೆಯುವುದು ಸುಲಭ, ಬರೆದು ಕೈಗಿಟ್ಟು ತಲೆ ತಗ್ಗಿಸಿದರಾಯಿತು ಎಂದುಕೊಂಡ. ಮೊದಲ ವರ್ಷ ಅಂಗೈಯಗಲದ ಪುಸ್ತಕ. ಪುಟಕ್ಕೆ ಇಪ್ಪತ್ತು ಸಾಲು, ಬೇಕಾದಷ್ಟು ಜಾಗ. ಬರೆದದ್ದು ಮಾತ್ರ ಮೊಣಕಾಲು ನೋವಿನ ವಿಷಯ, ಟೊಮೇಟೊ ಗಿಡದ ಹುಳದ ವಿಷಯ. ಅಷ್ಟರಲ್ಲಿ ಅಕ್ಕನ ಕಣ್ಣು ಮಂಜಾಗತೊಡಗಿತು. ಕಣ್ಣಿನ ಒಳನರ ಒಣಗುತ್ತಿದೆ, ಔಷಧಿಯಿಲ್ಲ ಎಂದಿದ್ದರು ಡಾಕ್ಟರು. "ಇರುವೆ ಸಾಲು ಕಾಣಲ್ಲ ಕಣೋ ನಂಗೆ, ದೊಡ್ಡದಾಗಿ ಬರಿ" ಎಂದಳು. ಮಾಮ ಎರಡು ಪಟ್ಟು ದೊಡ್ಡ ಪುಸ್ತಕ ಕೊಂಡ. ಆರು ತಿಂಗಳಿಗೆ ಅದೂ ಸಾಲದಾಯಿತು, ಗೆರೆಯಿಲ್ಲದ ಉದ್ದ ಪುಸ್ತಕ, ಕಪ್ಪು ಮಾರ್ಕರ್. ಆ ಮಾರ್ಕರಿನ ಮಸಿ ಹಿಂದಿನ ಪುಟಕ್ಕೆ ಇಳಿಯದ ಕಾಗದಕ್ಕಾಗಿ ಅವನು ನಾಲ್ಕು ಅಂಗಡಿ ಅಲೆದ. ಆಮೇಲೆ ಚಿತ್ರ ಬರೆಯುವ ಪುಸ್ತಕ. ಅದನ್ನು ತೊಡೆ ಮೇಲಿಟ್ಟುಕೊಂಡು ರೈಲಿನಲ್ಲಿ ಕೂತರೆ ಪಕ್ಕದವರು, "ಯಜಮಾನ್ರು ಚಿತ್ರಗಾರರಾ?" ಎಂದು ಕೇಳುವರು. ಪುಟಕ್ಕೆ ಮೂರೇ ಮಾತು ಹಿಡಿಸುತ್ತಿತ್ತು ಈಗ. ಊಟ ಆಯ್ತಾ ಅಕ್ಕ. ನಿದ್ದೆ ಬಂತಾ ಅಕ್ಕ. ಆ ಮಾತನ್ನು ಹೀಗೆ ಬರೆದರೆ ನೂರು ಪುಟ ಬೇಕು ಎಂದು ತನಗೆ ತಾನೇ ಹೇಳಿಕೊಂಡು ಮತ್ತೊಂದು ತಿಂಗಳು ಮುಂದೂಡುವನು. ನೆಪಕ್ಕೇನು ಬರ.

ಒಂದು ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ ಪುಸ್ತಕ ಎತ್ತಿ ಹಿಡಿದ. ಒಂದೊಂದು ಅಕ್ಷರವೂ ಗೇಣುದ್ದ. ಅಕ್ಕ ಹಾಳೆಯತ್ತ ಮುಖ ತಿರುಗಿಸಿ ಕಾದಳು.

"ಬರಿಯೋ. ಖಾಲಿ ಹಾಳೆ ಹಿಡ್ಕೊಂಡು ಕೂತಿದೀಯಲ್ಲ" ಎಂದಳು.

ಅವನು ಹಾಳೆಯನ್ನು ಅವಳ ಕಣ್ಣಿನ ಹತ್ತಿರ, ಇನ್ನೂ ಹತ್ತಿರ ತಂದ. ಕಾಗದ ಅವಳ ಮೂಗಿಗೆ ತಾಗಿತು. ಅಕ್ಕನಿಗೆ ಆಗ ಅರ್ಥವಾಯಿತು. ಅವಳು ಅಳಲಿಲ್ಲ. ಹಾಳೆಯನ್ನು ಬೆರಳಿನಿಂದ ಸವರಿ, "ಒಳ್ಳೇ ಕಾಗದ" ಎಂದಳು. ಅಂದು ರೈಲಿನಲ್ಲಿ ಮಾಮ ಮುಖಕ್ಕೆ ಆ ದೊಡ್ಡ ಪುಸ್ತಕ ಅಡ್ಡ ಹಿಡಿದುಕೊಂಡು ಅತ್ತ.

ಆಮೇಲೆ ಭಾನುವಾರಗಳಲ್ಲಿ ಹೋಗತೊಡಗಿದ. ಅಕ್ಕನ ಮಗಳು ಓದಿ ಹೇಳುವಳು. ಆ ಹುಡುಗಿಯ ಬಾಯಲ್ಲಿ ಟೊಮೇಟೊ ಹುಳ ಬರಬಹುದು, ಆ ಮಾತು ಬರುವುದು ಹೇಗೆ? ಅವಳ ಪಾಲಿಗೆ ಮಾಮ ಅಪ್ಪಟ ಚಿನ್ನ. ಮೀನಮೇಷ ಎಣಿಸುತ್ತಲೇ ಚಳಿಗಾಲ ಕಳೆಯಿತು. ಅಕ್ಕನಿಗೆ ಎರಡು ಸಲ ಎದೆನೋವು ಬಂದು ಹೋಯಿತು. ಎರಡನೆಯ ಸಲ ಆಸ್ಪತ್ರೆಯ ಮಂಚದ ಪಕ್ಕ ಕೂತಿದ್ದಾಗ, ಇವಳೂ ಹೋಗಿಬಿಟ್ಟರೆ ಎನ್ನುವ ಯೋಚನೆ ಬಂತು. ಆ ಮಾತನ್ನು ಓದಿ ಹೇಳುವ ಹಕ್ಕಿರುವುದು ಒಬ್ಬಳಿಗೇ, ಯಾರ ಮೇಲೆ ಅಪವಾದ ಬಿತ್ತೋ ಅವಳಿಗೆ ಎಂದು ಅಲ್ಲೇ ತೀರ್ಮಾನಿಸಿದ.

ಆ ವಾರ ಅಂಗಡಿಯಲ್ಲಿ ಅವನು ಕಳೆದಷ್ಟು ಹೊತ್ತು ಹಿಂದೆಂದೂ ಕಳೆದಿರಲಿಲ್ಲ. ಈಗ ಅಕ್ಷರ ಸಣ್ಣದಾದರೂ ಅಡ್ಡಿಯಿಲ್ಲ. ಹದಿನಾರು ಹೊಲಿಗೆಯ, ಕೆನೆಬಣ್ಣದ ಹಾಳೆಯ, ಕಪ್ಪು ಬಟ್ಟೆ ಹೊದಿಸಿದ ಒಂದು ಪುಸ್ತಕ ಆರಿಸಿದ. "ಯಾರಿಗೆ ಮಾಮ, ಪ್ರೇಮಪತ್ರಾನಾ?" ಎಂದಳು ಅಂಗಡಿಯಾಕೆ. ಅವನು ನಗಲಿಲ್ಲ. ಅವಳು ಸುಮ್ಮನೆ ಕಾಗದದಲ್ಲಿ ಸುತ್ತಿ ಕೊಟ್ಟಳು.

ಅಕ್ಕನ ಮಗಳು ಕೆಲಸಕ್ಕೆ ಹೋಗುವ ದಿನವೊಂದನ್ನು ನೋಡಿ ಹೊರಟ. ರೈಲು ಓಡುವಾಗ ಅಕ್ಷರ ಕುಣಿಯುತ್ತದೆ. ಹಾಗಾಗಿ ಅವನು ನಿಲ್ದಾಣಗಳಲ್ಲಿ ಮಾತ್ರ ಬರೆದ. ರೈಲು ನಿಂತಾಗ ಒಂದು ಪುಟ, ಹೊರಟಾಗ ಪೆನ್ನಿಗೆ ಮುಚ್ಚಳ. ಏಳು ನಿಲ್ದಾಣ, ಏಳು ಪುಟ. ಶನಿವಾರದ ಫೋನು, "ಹ್ಞೂಂ" ಎಂದದ್ದು, ಸಿನಿಮಾದಲ್ಲಿ ನಕ್ಕದ್ದು, ಹೊಸ್ತಿಲಲ್ಲಿ "ಇಲ್ಲ" ಎಂದದ್ದು, ಒಂದನ್ನೂ ಬಿಡಲಿಲ್ಲ.

ಅಕ್ಕನ ಮನೆಗೆ ಹೋಗುವ ಮೊದಲು ಗೋಡೆಯಾಚೆಯ ಗೇಟು ತೆರೆದ. ಫೋನಿನಾಕೆ ಬಾಗಿಲಲ್ಲೇ ನಿಂತು ಏಳೂ ಪುಟ ಓದಿದಳು.

"ಇದರಲ್ಲಿ ನಂಗೆ ಗೊತ್ತಿಲ್ಲದ್ದು ಸಿನಿಮಾ ಒಂದೇ ಕಣಪ್ಪ" ಎಂದಳು. ಪುಸ್ತಕವನ್ನು ಅವನತ್ತ ಚಾಚಿ, "ನನ್ನ ಕೈಲಿ ಯಾಕೆ ಕೊಟ್ಟೆ?"

ಅವನು ಪುಸ್ತಕ ತೆಗೆದುಕೊಂಡು ಎಂಟನೆಯ ಪುಟದಲ್ಲಿ ಬರೆದ: ಅಕ್ಕನಿಗೆ ನೀವೇ ಓದಿ ಹೇಳಿ. ನನ್ನ ಎದುರಿಗೇ.

ಅವಳು ಒಳಗೆ ಹೋಗಿ ಕೂದಲು ಬಾಚಿಕೊಂಡು ಬಂದಳು. ಬಾಚುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. "ಯಾರದು ಇನ್ನೊಬ್ರು?" ಎಂದಳು.

"ನಾನು ಕಣೇ."

ಅಕ್ಕನ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು. "ಧ್ವನಿ ಮುದಿಯಾಗಿದೆ" ಎಂದಳು.

"ನಿನ್ನ ತಮ್ಮ ಕರ್ಕೊಂಡು ಬಂದ. ಏನೋ ಬರೆದಿದಾನೆ. ನಾನೇ ಓದಬೇಕಂತೆ." ಫೋನಿನಾಕೆ ಕನ್ನಡಕ ಸರಿಮಾಡಿಕೊಂಡು ಶುರುಮಾಡಿದಳು. "ಅಕ್ಕಾ, ಅಮ್ಮ ಹೋದ ದಿನ ನಾನು ನಿನಗೆ ಹೇಳಿದ ಮಾತಿನ ಬಗ್ಗೆ..."

"ಬೇಡ" ಎಂದಳು ಅಕ್ಕ. "ಆ ದಿನ ಕೆದಕಬೇಡಿ. ಕಣ್ಣು ಹೋಯ್ತು, ನಾಳೆ ಉಸಿರೂ ಹೋಗುತ್ತೆ. ಇವನೊಬ್ಬ ನಂಗೆ ಯಾವತ್ತೂ ಸುಳ್ಳು ಹೇಳಿಲ್ಲ ಅನ್ನೋದೊಂದು ಉಳಿದಿದೆ, ಅದಿರಲಿ."

ಫೋನಿನಾಕೆ ಪುಸ್ತಕದಿಂದ ತಲೆಯೆತ್ತಿ ಗೆಳತಿಯ ಮುಖ ನೋಡಿದಳು. ಮತ್ತೆ ಪುಸ್ತಕ ನೋಡಿದಳು. ಆಮೇಲೆ ಅವಳು ಓದಿದ ಒಂದು ಮಾತೂ ಆ ಪುಟದಲ್ಲಿರಲಿಲ್ಲ. "ಅಕ್ಕಾ, ಆ ದಿನ ವರ್ಕ್‌ಶಾಪಿನಲ್ಲಿ ಫೋನ್ ಎತ್ತಿದವನು ಬೇರೆಯವನಂತೆ. ಅವನು ನನಗೆ ಹೇಳಲು ಮರೆತನಂತೆ. ಈಚೆಗೆ ಗೊತ್ತಾಯಿತು." ಅವಳು ಪುಸ್ತಕ ಕೆಳಗಿಳಿಸಿದಳು. "ನಾನೇ ಧ್ವನಿ ಗುರುತು ತಪ್ಪಿದೆ ಕಣೇ. ತಪ್ಪು ನಂದೇ. ಅಷ್ಟು ಖಡಾಖಂಡಿತವಾಗಿ ಹೇಳಬಾರದಿತ್ತು."

ಮಾಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಪುಸ್ತಕಕ್ಕೆ ಕೈ ಚಾಚಿದ. ಸದ್ದು ಕೇಳಿ ಅಕ್ಕ ಗಾಳಿಯಲ್ಲಿ ತಡಕಾಡಿ ಆ ಕೈಯನ್ನೇ ಹಿಡಿದುಕೊಂಡಳು.

"ಹೌದೇನೋ? ಹೀಗೇ ಆಗಿದ್ದಾ? ಹೌದಾದ್ರೆ ನನ್ನ ಕೈ ಒಂದು ಸಲ ಅದುಮು, ಅಲ್ಲ ಅಂದ್ರೆ ಎರಡು ಸಲ."

ಆ ಕೋಣೆಯಲ್ಲಿ ಮೊದಲ ಬಾರಿಗೆ, ಯಾರ ಹಂಗೂ ಇಲ್ಲದೆ ಅವನು ಅಕ್ಕನಿಗೆ ತಾನೇ ಹೇಳಬಹುದಿತ್ತು. ಫೋನಿನಾಕೆ ಅವನನ್ನೇ ನೋಡುತ್ತಿದ್ದಳು, ಬೇಡ ಎಂದೂ ಸನ್ನೆ ಮಾಡಲಿಲ್ಲ, ಬೇಕು ಎಂದೂ ಮಾಡಲಿಲ್ಲ. ಅವನು ಒಂದು ಸಲ ಅದುಮಿದ. ಎರಡನೆಯದಕ್ಕೆ ಬೆರಳು ಬಿಗಿ ಮಾಡಿಕೊಂಡ. ಅಷ್ಟರಲ್ಲಿ ಅಕ್ಕನ ಮುಖ ಅರಳಿತು, ಇನ್ನೊಂದು ಕೈ ಗೆಳತಿಯತ್ತ ಚಾಚಿತು. ಅಕ್ಕ ಅವನ ಕೈಯನ್ನು ಬಿಟ್ಟಿರಲಿಲ್ಲ. ಸಮಯ ಬೇಕಾದಷ್ಟಿತ್ತು. ಅವನು ಬೆರಳು ಸಡಿಲ ಬಿಟ್ಟ.

ಹೆಂಗಸರಿಬ್ಬರೂ ಅತ್ತರು. "ಮೂವತ್ತೆರಡು ವರ್ಷ ಕಣೇ" ಎಂದು ಅಕ್ಕ ಹೇಳಿದಳು, ಮತ್ತೆ ಮತ್ತೆ ಅದನ್ನೇ ಹೇಳಿದಳು. ಕೊನೆಗೆ ಮೂಗೊರೆಸಿಕೊಂಡು ತಮ್ಮನ ಕಡೆ ತಿರುಗಿ ನಕ್ಕಳು. "ಇಷ್ಟು ಹೇಳೋಕೆ ಒಂದು ಪುಸ್ತಕ ಬೇಕಾಯ್ತೇನೋ ನಿಂಗೆ? ಮುಂದೆ ಏನು ಬರೆದಿದಾನೆ, ಓದೇ."

ಫೋನಿನಾಕೆ ಪುಟಗಳನ್ನು ಒಂದೊಂದಾಗಿ ತಿರುವಿದಳು. ಏಳೂ ಪುಟಗಳಲ್ಲಿ ಅವನ ಸಣ್ಣ, ನೆಟ್ಟಗಿನ ಅಕ್ಷರ ತುಂಬಿತ್ತು.

"ಮುಂದೆ ಖಾಲಿ ಕಣೇ" ಎಂದು ಅವಳು ಪುಸ್ತಕವನ್ನು ಮುಚ್ಚಿ ಅವನ ಕೈಗೆ ಕೊಟ್ಟಳು.