ಅಂಟು ಬಳಿದ ಬೆರಳು

ಯುಕ್-ಪಿಂಗ್‌ಳ ಬಲಗೈ ತೋರುಬೆರಳು ಈಗ ಪೂರ್ತಿ ಮಡಚುವುದಿಲ್ಲ. ಚಾಪ್‌ಸ್ಟಿಕ್ ಹಿಡಿದಾಗ ಅದೊಂದು ಮಾತ್ರ ಯಾರಿಗೋ ದಾರಿ ತೋರಿಸುವಂತೆ ಹೊರಗೆ ಚಾಚಿಕೊಂಡಿರುತ್ತದೆ. "ಯಾರ ಕಡೆ ಬೆರಳು ತೋರಿಸ್ತಿದೀಯ ಪಿಂಗಕ್ಕ?" ಎಂದು ಚಹಾದ ಹೋಟೆಲಿನಲ್ಲಿ ಪಕ್ಕದ ಮೇಜಿನವರು ಕೆಣಕಿದರೆ, "ಹೆಸರು ಹೇಳಿದ್ರೆ ನಿಮ್ಗೂ ಇಲ್ಲಿ ಚಹಾ ಹುಟ್ಟಲ್ಲ, ಸುಮ್ನೆ ತಿನ್ನಿ" ಅನ್ನುತ್ತಾಳೆ.

ಕೌಲೂನಿನ ಹೋಟೆಲು, ದವಾಖಾನೆ, ಕಚೇರಿಗಳಲ್ಲಿ ಗಾಜಿನ ತೊಟ್ಟಿಯೊಳಗೆ ಮೀನು, ಜೀವಂತ ಹವಳ ಬಿಟ್ಟು ಸಮುದ್ರ ಸಾಕುತ್ತಾರಲ್ಲ, ಅವನ್ನು ತೊಳೆಯುವುದು ಇವಳ ಕಸುಬು. ಮೊದಲು ಪ್ಲಾಸ್ಟಿಕ್ ಹೂವಿನ ಕಾರ್ಖಾನೆಯಲ್ಲಿದ್ದಳು. ಕೂಲಿ ಅಗ್ಗವೆಂದು ಕಾರ್ಖಾನೆ ಗಡಿಯಾಚೆ ಹೋಯಿತು, ಇವಳು ಈಚೆ ಉಳಿದಳು. ಸಾಕುವ ಮೀನು ಮಾರುವ ಮೀನಂಗಡಿ ಬೀದಿಯ ಮೋಕ್ ಚಿಕ್ಕಪ್ಪ ಉಪ್ಪಿನ ಚೀಲ ಹೊರಲು ಕರೆದ. ಹೊರುತ್ತಾ ಹೊರುತ್ತಾ ಹವಳದ ಕೆಲಸ ಕೈಗೆ ಹತ್ತಿತು. ನೀರಿಗೆ ಉಪ್ಪು ಹದ ಮಾಡುವುದು, ಗಾಜಿನ ಪಾಚಿ ಕೆರೆಯುವುದು, ಮುರಿದ ಹವಳದ ತುಂಡನ್ನು ಅಂಟು ಹಾಕಿ ಬಂಡೆಗೆ ಕೂರಿಸುವುದು. ದಿನದ ಅರ್ಧ ಭಾಗ ತೋಳು ನೀರಿನಲ್ಲೇ.

ಕೈಗೆ ಸೋಪು ಹಚ್ಚಿ ತೊಟ್ಟಿಗಿಳಿಸಬೇಡ, ಹವಳ ಸತ್ತುಹೋಗುತ್ತದೆ ಎಂದು ಮೊದಲ ದಿನವೇ ಹೇಳಿಕೊಟ್ಟರು. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ತೊಳೆದುಕೋ, ಇಲ್ಲದಿದ್ದರೆ ನೀನೇ ಕೊಳೆಯುತ್ತೀಯ ಎಂದು ಯಾರೂ ಹೇಳಲಿಲ್ಲ. ಹವಳ ದುಬಾರಿ.

ಇವಳಿಗೆ ಅತಿ ಹೆಚ್ಚು ಕೆಲಸ ಕೊಡುವವನು ಷೆಕ್. ಅವನ ಚಹಾದ ಹೋಟೆಲಿನಲ್ಲಿ ಗಲ್ಲಾದ ಪಕ್ಕ, ಬಾಗಿಲಿಗೆ ಮುಖ ಮಾಡಿ ದೊಡ್ಡ ತೊಟ್ಟಿಯಿದೆ. ದಿಕ್ಕು ನೋಡುವ ಪಂಡಿತ ಬಂದು ಜಾಗ ಗುರುತಿಸಿ ಇಡಿಸಿದ್ದು. ಆ ನೀರು ಕದಡಿದರೆ ವ್ಯಾಪಾರ ಕದಡುತ್ತದೆ ಎಂದು ಅವನ ನಂಬಿಕೆ. ಅವನ ತಮ್ಮಂದಿರ ಹೋಟೆಲುಗಳಲ್ಲೂ ಅಂಥವೇ ತೊಟ್ಟಿಗಳು, ಅವೂ ಪಿಂಗ್‌ಳ ಕೈಯಲ್ಲೇ. ಒಮ್ಮೆ ಭುಜದವರೆಗೆ ಬರುವ ರಬ್ಬರ್ ಕೈಗವಸು ಹಾಕಿಕೊಂಡು ಹೋದಳು. ಷೆಕ್ ಗಲ್ಲಾ ಬಿಟ್ಟು ಎದ್ದು ಬಂದ.

"ಏನಿದು ವೇಷ? ಕಕ್ಕಸು ತೊಳೆಯೋಕೆ ಬಂದಿದ್ದೀಯಾ?"

"ಕಲ್ಲು ತರಚುತ್ತೆ ಯಜಮಾನ್ರೇ."

"ತಿನ್ನೋರು ನೋಡ್ತಿದಾರೆ. ನೀರಲ್ಲೇನೋ ವಿಷ ಇದೆ ಅನ್ಕೋತಾರೆ. ಲಕ್ಷ್ಮಿ ಇರೋ ನೀರಿಗೆ ಬರಿಗೈ ಹಾಕಮ್ಮ, ನಿಂಗೂ ಒಳ್ಳೇದಾಗುತ್ತೆ."

ಅವನು ಹೇಳಿದ್ದು ಲಕ್ಷ್ಮಿಯೆಂದಲ್ಲ, ಅಲ್ಲಿನ ಸಂಪತ್ತಿನ ದೇವರ ಹೆಸರು. ನಮ್ಮಲ್ಲಿಯ ಯಜಮಾನನಾಗಿದ್ದರೂ ಇದನ್ನೇ ಹೇಳುತ್ತಿದ್ದ. ಪಿಂಗ್ ಕೈಗವಸು ಕಳಚಿ ಬಕೀಟಿಗೆ ಹಾಕಿದಳು.

ಹೊಸವರ್ಷದ ಹಿಂದಿನ ವಾರ, ಹೋಟೆಲು ತುಂಬಿ ತುಳುಕುತ್ತಿದ್ದಾಗ, ಬಂಡೆಯ ಅಂಚು ತೋರುಬೆರಳನ್ನು ಸೀಳಿತು. ಆ ನೀರಿನಲ್ಲಿ, ಶಕುನ ನೋಡುವ ಆ ದಿನಗಳಲ್ಲಿ, ಗಿರಾಕಿಗಳ ಎದುರು ರಕ್ತ! ಅವಳು ಬೆನ್ನು ತಿರುಗಿಸಿ ಬೆರಳೊರೆಸಿಕೊಂಡು, ಹವಳ ಕೂರಿಸುವ ಅದೇ ಅಂಟನ್ನು ಗಾಯದ ಮೇಲೆ ಹಿಂಡಿದಳು. ಕ್ಷಣದಲ್ಲಿ ಬಿಗಿಯಿತು. ಕೈ ಮತ್ತೆ ನೀರಿಗೆ. ಮೀನಂಗಡಿ ಬೀದಿಯ ಕಸುಬುದಾರರೆಲ್ಲ ಮಾಡುವುದೇ ಇದು. ಮೋಕ್ ಚಿಕ್ಕಪ್ಪನೇ ಕಲಿಸಿದ ಉಪಾಯ. ತೊಟ್ಟಿಯ ನೀರಿನಲ್ಲಿರುವ ರೋಗಾಣು ಒಳಹೊಕ್ಕ ಮೇಲೆ ಇದು ಬಾಗಿಲು ಮುಚ್ಚಿ ಬೀಗ ಹಾಕಿದಂತೆ ಎಂದು ಅವರಿಗೆ ಹೊಳೆದಿರಲಿಲ್ಲ.

ಗಾಯ ಮುಚ್ಚಿತು. ಚಳಿ ಕಳೆಯುವ ಹೊತ್ತಿಗೆ ಅಲ್ಲೊಂದು ನೇರಳೆ ಬಣ್ಣದ ಗಂಟು ಎದ್ದಿತು. ಓಣಿಯ ವೈದ್ಯರು ಮುಲಾಮು ಕೊಟ್ಟರು. ಗಂಟು ಒಡೆಯಿತು, ಒಣಗಲಿಲ್ಲ. ಆಮೇಲೆ ಮಣಿಕಟ್ಟಿನ ಮೇಲೆ ಇನ್ನೊಂದು ಗಂಟು. ಸರ್ಕಾರಿ ಆಸ್ಪತ್ರೆಯ ಹೆಂಗಸು ಡಾಕ್ಟರು ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿ, "ಏನು ಕೆಲಸ ಮಾಡ್ತೀರಾ?" ಎಂದು ಕೇಳಿದರು.

"ಪಾತ್ರೆ ತೊಳೀತೀನಿ" ಅಂದಳು ಪಿಂಗ್.

ಈ ಸುಳ್ಳನ್ನು ಷೆಕ್ ಹೇಳಿಸಿದ್ದ. "ತೊಟ್ಟಿಯಿಂದ ಬಂತು ಅಂತ ಬಾಯಿ ಬಿಟ್ಟೆಯೋ, ನಾಳೆ ಆರೋಗ್ಯ ಇಲಾಖೆಯೋರು ಅಡುಗೆಮನೆಗೂ ನುಗ್ತಾರೆ. ಆಮೇಲೆ ನಮ್ಮಣ್ಣತಮ್ಮಂದಿರ ಒಂದು ತೊಟ್ಟೀನೂ ನಿಂಗಿರಲ್ಲ." ತೊಟ್ಟಿಗಳಿಲ್ಲದಿದ್ದರೆ ಬಾಡಿಗೆ ಕೋಣೆಯೂ ಇಲ್ಲ. ಬೆರಳು ಉಳಿಸಿಕೊಳ್ಳಬೇಕೋ ಕೆಲಸ ಉಳಿಸಿಕೊಳ್ಳಬೇಕೋ ಎಂದು ಒಬ್ಬ ಹೆಂಗಸನ್ನು ನಿಲ್ಲಿಸಿ ಕೇಳುವವನು ಮಧ್ಯಾಹ್ನ ಅದೇ ಗಲ್ಲಾದಲ್ಲಿ ಕೂತು ಹಲ್ಲುಕಡ್ಡಿ ಆಡಿಸುತ್ತಾನೆ.

ಸುಳ್ಳಿಗೆ ತಕ್ಕ ಔಷಧಿ ಸಿಕ್ಕಿತು, ಅಂದರೆ ಯಾವುದೂ ನಾಟಲಿಲ್ಲ. ಮುಂದಿನ ಸಲ ಡಾಕ್ಟರು, "ಸೋಂಕು ಗೆಣ್ಣಿಗೆ ಇಳಿದಿದೆ. ಹೀಗೇ ಆದರೆ ಬೆರಳು ತೆಗೀಬೇಕಾಗಬಹುದು" ಎಂದರು.

ಪಿಂಗ್ ಅಲ್ಲಿಂದ ನೇರವಾಗಿ ಮೋಕ್ ಚಿಕ್ಕಪ್ಪನ ಅಂಗಡಿಗೆ ಬಂದು ಉಪ್ಪಿನ ಚೀಲದ ಮೇಲೆ ಕೂತಳು. ಅವನು ಬೆರಳು ನೋಡಿದ. ಯಾವಾಗಲೂ ಜೇಬಿನಲ್ಲಿರುತ್ತಿದ್ದ ತನ್ನ ಎಡಗೈಯನ್ನು ಹೊರತೆಗೆದ. ಕಿರುಬೆರಳು ಒಣಶುಂಠಿಯಂತೆ ಸೊಟ್ಟಗಿತ್ತು.

"ಅಂಟು ಹಾಕಿದ್ಯಾ?"

"ನೀನೇ ಕಲಿಸಿದ್ದಲ್ವಾ ಚಿಕ್ಕಪ್ಪ."

"ಹ್ಞೂಂ. ನಂಗೆ ನಮ್ಮಪ್ಪ ಕಲಿಸಿದ್ದ." ಅವನು ಕೈಯನ್ನು ಮತ್ತೆ ಜೇಬಿಗೆ ಸೇರಿಸುತ್ತಾ, "ಈ ಬೀದೀಲಿ ಜೇಬಿಗೆ ಕೈ ಹಾಕ್ಕೊಂಡು ಓಡಾಡೋರೆಲ್ಲ ಚಳೀಗೆ ಹಾಕ್ಕೊಂಡಿಲ್ಲ. ಹೋಗು, ನಿಜ ಹೇಳು."

"ಷೆಕ್ ಕೆಲಸ ಕಿತ್ಕೊಂಡ್ರೆ?"

"ಬೆರಳಿಲ್ದಿದ್ರೆ ಅವ್ನೇನು ಕೂರಿಸಿ ಊಟ ಹಾಕ್ತಾನಾ? ಏಳೇ, ಮಂಕೇ!"

ಮಾರನೆಯ ಬೆಳಗ್ಗೆ ಅವಳು ಡಾಕ್ಟರಿಗೆ ಎಲ್ಲ ಹೇಳಿದಳು: ತೊಟ್ಟಿ, ಬಂಡೆ, ಅಂಟು. ಡಾಕ್ಟರು ಪೆನ್ನು ಕೆಳಗಿಟ್ಟು, "ಇದನ್ನ ಮೊದಲೇ ಹೇಳಬಾರದಿತ್ತೇನಮ್ಮ?" ಅಂದರು. ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಬೇರೆಯೇ ಮಾತ್ರೆ ಬರೆದರು. ಮಳೆಗಾಲವಿಡೀ ಆ ಮಾತ್ರೆ. ಹೊಟ್ಟೆ ತೊಳೆಸು, ಗಂಜಿ ಬಿಟ್ಟರೆ ಏನೂ ಒಳಗೆ ನಿಲ್ಲುತ್ತಿರಲಿಲ್ಲ. ಬೆರಳು ಉಳಿಯಿತು. ಮಡಚುವುದು ಉಳಿಯಲಿಲ್ಲ.

ಆರೋಗ್ಯ ಇಲಾಖೆಯವರು ಯಾರೂ ಷೆಕ್‌ನ ಬಾಗಿಲಿಗೆ ಬರಲಿಲ್ಲ. ಪಿಂಗ್ ಇಲ್ಲದ ತಿಂಗಳುಗಳಲ್ಲಿ ತೊಟ್ಟಿ ಪಾಚಿಗಟ್ಟಿ ಹವಳ ಬಿಳಿಚಿಕೊಂಡಿದ್ದರಿಂದ ಅವನೇ ಹೇಳಿ ಕಳಿಸಿದ. ಕೈಗವಸಿಗೂ ಒಪ್ಪಿದ, ಆದರೆ ಷಟರ್ ಎತ್ತುವ ಮೊದಲೇ ಕೆಲಸ ಮುಗಿಯಬೇಕು. ಯಾರ ಕಣ್ಣಿಗೂ ಬೀಳಬಾರದು. ಅಂದಿನಿಂದ ಅವಳು ಕತ್ತಲು ಹರಿಯುವ ಮುಂಚೆ ಮೊದಲ ಬಸ್ಸು ಹಿಡಿಯುತ್ತಾಳೆ.

ಒಂದು ಬೆಳಗ್ಗೆ ಬಸ್ಸು ತಡವಾಯಿತು. ಅವಳ ತೋಳು ಇನ್ನೂ ನೀರಿನಲ್ಲಿರುವಾಗಲೇ ಷಟರ್ ಎದ್ದಿತು, ಹೊರಗೆ ಕಾದಿದ್ದ ಮುದುಕರು ಒಳನುಗ್ಗಿದರು. ಷೆಕ್ ಗಲ್ಲಾದಿಂದಲೇ ಕಣ್ಣು ಕೆಕ್ಕರಿಸಿದ. ಒಬ್ಬ ಅಜ್ಜ ಗಾಜಿನ ಮುಂದೆ ನಿಂತ.

"ಏನಮ್ಮ, ಭುಜದವರೆಗೂ ರಬ್ಬರು? ನೀರು ಕೆಟ್ಟಿದ್ಯಾ?"

"ನೀರು ಚೆನ್ನಾಗಿದೆ ಅಜ್ಜ. ನನ್ ಕೈ ಕೆಟ್ಟಿತ್ತು."

"ಹಂಗಾದ್ರೆ ಹಾಕ್ಕೊಳ್ಳಮ್ಮ, ಹಾಕ್ಕೊ. ಸ್ವಲ್ಪ ಈ ಕಡೆ ಸರೀತೀಯಾ? ನನ್ ಕುರ್ಚಿ ಅದು."

ಅವಳು ಸರಿದಳು. ಅಜ್ಜ ಕೂತು ಚಹಾ ಹೇಳಿದ, ಸೀಗಡಿ ಕಡುಬು ಹೇಳಿದ, ಪೇಪರು ಬಿಡಿಸಿದ. ಬೇರೆಯವರಂತೂ ತಲೆಯೆತ್ತಿ ಸಹ ನೋಡಲಿಲ್ಲ. ಒಬ್ಬನೂ ಎದ್ದು ಹೋಗಲಿಲ್ಲ. ಷೆಕ್ ಇಷ್ಟು ವರ್ಷ ಹೆದರಿದ್ದು ಇವರಿಗೆ.

ಪಿಂಗ್ ಕೈಗವಸು ಕಳಚಿ, ಅಡುಗೆಯವರ ಸಿಂಕಿನಲ್ಲಿ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡಳು. ಮಡಚದ ಬೆರಳಿನ ಸಂದಿಯನ್ನು ಎಡಗೈಯಿಂದ ಬಿಡಿಸಿ ಉಜ್ಜಬೇಕು, ಹೊತ್ತು ಹಿಡಿಯುತ್ತದೆ. ಹಿಂದೆ ನಿಂತ ಅಡುಗೆಯವನು "ಬೇಗ ಅಕ್ಕ" ಎಂದ. ಅವಳು ತಿರುಗಲಿಲ್ಲ, ಉಜ್ಜುತ್ತಲೇ ಇದ್ದಳು.