ಖಾಲಿ ಬಿಟ್ಟ ಹುಟ್ಟಿದ ತಾರೀಖು

ಶಾರದಾಬಾಯಿ ಮೆಹದಿಪಟ್ಟಣಂನಿಂದ ಎರಡು ಬಸ್ಸು ಬದಲಿಸಿ ನಮ್ಮ ಕಾರ್ಖಾನೆಗೆ ಬರುತ್ತಿದ್ದರು. ರಾಯಚೂರಿನ ಕಡೆಯವರು, ಸಿಬ್ಬಂದಿ ದಾಖಲೆಯ ಗುಮಾಸ್ತೆ. ಇಪ್ಪತ್ತೆರಡು ವರ್ಷ ಒಂದೇ ಕುರ್ಚಿ. ಸಾಹೇಬರು ಬಂದರೂ ಅದರಿಂದ ಏಳುತ್ತಿರಲಿಲ್ಲ. ೧೯೯೩ರಲ್ಲಿ ಅವರ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು. ಆಗ ನನಗೆ ಇಪ್ಪತ್ತಾರು, ತಲೆ ತುಂಬ ಸೊಕ್ಕು.

ಹುಟ್ಟಿದ ತಾರೀಖಿನ ಕಾಲಂ ಖಾಲಿ ಇರಲೇಕೂಡದೆಂದು ನಾನೇ ಕಟ್ಟುನಿಟ್ಟು ಮಾಡಿದ್ದೆ. ರಿಜಿಸ್ಟರು ತೆರೆದರೆ ಮೂವತ್ತೇಳು ಜನರ ಮುಂದೆ ತಾರೀಖೇ ಇಲ್ಲ. ಕಸ ಗುಡಿಸುವ ಅಂಬವ್ವನ ಹೆಸರಿನ ಮುಂದೆ ಶಾರದಾಬಾಯಿ ಪೆನ್ಸಿಲ್ಲಿನಲ್ಲಿ ಬರೆದಿದ್ದರು: ‘ರಜಾಕಾರರ ಗಲಾಟೆಯಾಗ ಮೊಲೆಕೂಸು.’ ಅಂದರೆ ನಲವತ್ತೆಂಟರ ಆಸುಪಾಸು; ಇದನ್ನು ಯಾವ ಕಂಪ್ಯೂಟರು ನುಂಗುತ್ತದೆ? ಶಾರದಾಬಾಯಿಯವರನ್ನು ಒಂದು ಮಾತೂ ಕೇಳದೆ ಮೂವತ್ತೇಳು ಜನರಿಗೂ ೧೯೩೬ರ ಜನವರಿ ಒಂದು ಎಂದು ತುಂಬಿಬಿಟ್ಟೆ. ಅದು ನಮ್ಮಪ್ಪ ಹುಟ್ಟಿದ ವರ್ಷ, ನೆನಪಿಗೆ ಬಂದದ್ದು ಅದೇ.

ಡಿಸೆಂಬರಿನಲ್ಲಿ ಮೂವತ್ತೇಳು ನಿವೃತ್ತಿ ಪತ್ರಗಳು ಒಟ್ಟಿಗೆ ಅಚ್ಚಾಗಿ ಬಂದವು. ಜನವರಿ ಒಂದಕ್ಕೆ ಎಲ್ಲರಿಗೂ ಐವತ್ತೆಂಟು ತುಂಬುತ್ತದಂತೆ. ಸುದ್ದಿ ಕೇಳಿ ನಲವತ್ತೈದರ ಅಂಬವ್ವ ಪೊರಕೆ ಹಿಡಿದೇ ಓಡಿ ಬಂದಳು.

“ಬಾಯಾರ, ನನ್ನ ನೌಕರಿ ಹೋತೇನ್ರಿ? ಮೂರು ಹೆಣ್ಣುಮಕ್ಕಳದಾವ್ರಿ.”

ಶಾರದಾಬಾಯಿ ಪತ್ರಗಳನ್ನೆಲ್ಲ ಡ್ರಾಯರಿಗೆ ಹಾಕಿ ಕೀಲಿ ತಿರುವಿದರು. ಅವರ ಸಹಿ ಇಲ್ಲದೆ ಒಂದೂ ಹೊರಗೆ ಹೋಗುವಂತಿರಲಿಲ್ಲ. ಅಧಿಕಾರಿ ಗುರುಸಿದ್ದಪ್ಪನವರು ಅವರ ಮೇಜಿನ ಮುಂದೆ ಬಂದು ನಿಂತರು.

“ಕಂಪ್ಯೂಟರ್ ಸುಳ್ಳು ಹೇಳಂಗಿಲ್ರಿ. ಸಹಿ ಹಾಕ್ರಿ.”

“ಹಾಕಂಗಿಲ್ರಿ. ಹಡದ ಅವ್ವಗ ಗೊತ್ತಿರದ ತಾರೀಖು ನಿಮ್ಮ ಡಬ್ಬಿಗೆ ಹೆಂಗ ಗೊತ್ತಾತು?”

“ಮೆಮೊ ಕೊಡಬೇಕಾಕ್ಕೈತಿ ನಿಮಗ.”

“ಕೊಡ್ರಿ.”

ಆಮೇಲೆ ಶಾರದಾಬಾಯಿ ನನ್ನ ಕಡೆ ತಿರುಗಿದರು. “ಗೊತ್ತಿಲ್ಲಂದ್ರ ಗೊತ್ತಿಲ್ಲಂತ ಬಿಡಬೇಕಪ್ಪಾ ಜಯತೀರ್ಥ. ಇಷ್ಟು ವರ್ಷ ಆ ಜಾಗ ಖಾಲಿ ಕಾಯ್ಕೊಂಡು ಬಂದೀನಿ. ನೀ ಒಂದ ದಿನದಾಗ ಸುಳ್ಳು ತುಂಬಿದಿ.”

ನಾಚಿಕೆಯಿಂದ ಸತ್ತೆ. ತಾರೀಖು ನನ್ನದೇ ಕಟ್ಟುಕತೆಯೆಂದು ಗುರುಸಿದ್ದಪ್ಪನವರೆದುರು ಒಪ್ಪಿಕೊಂಡೆ. ಅವರು ಪತ್ರಗಳನ್ನು ರದ್ದು ಮಾಡಲು ಹೇಳಿ ಹೊರಟುಹೋದರು. ಅದೇ ಮಧ್ಯಾಹ್ನ ಕಾಲಮ್ಮಿನ ನಿಯಮ ಸಡಿಲಿಸಿ ಮೂವತ್ತೇಳು ತಾರೀಖುಗಳನ್ನೂ ಅಳಿಸಿದೆ. ಡಾಕ್ಟರು ನೋಡಿ ವಯಸ್ಸು ಗೊತ್ತುಮಾಡುವ ತನಕ ಅವು ಖಾಲಿಯೇ ಇದ್ದವು. ಅಂಬವ್ವ ಇನ್ನೂ ಹದಿಮೂರು ವರ್ಷ ನಮ್ಮ ವರಾಂಡ ಗುಡಿಸಿದಳು.

ಶಾರದಾಬಾಯಿಗೆ ಮೆಮೊ ಮಾತ್ರ ಬಂದೇ ಬಂತು: ಮೇಲಧಿಕಾರಿಯ ಮಾತು ಮೀರಿದ್ದಕ್ಕೆ ಕಾರಣ ಬರೆಯಿರಿ. ಕೆಳಗೆ ಅರ್ಧ ಪುಟ ಜಾಗ ಬಿಟ್ಟಿದ್ದರು. ಶಾರದಾಬಾಯಿ ಅಲ್ಲಿ ಒಂದಕ್ಷರವನ್ನೂ ಬರೆಯದೆ, ಅದನ್ನು ಹಾಗೆಯೇ ತಮ್ಮ ಫೈಲಿಗೆ ತಾವೇ ಸೇರಿಸಿದರು.