ಮೂರನೇ ಪ್ಯಾನಿನ ಸಿದರಾಯ

ಕುದಿಯುತ್ತಿರುವ ಪ್ಯಾನು ಬಿಟ್ಟು ಈಚೆ ಬಾ ಎಂದು ಸಿದರಾಯನಿಗೆ ಹತ್ತು ವರ್ಷಗಳಲ್ಲಿ ಯಾರೂ ಹೇಳಿರಲಿಲ್ಲ. ೨೦೧೩ರ ನವೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ಎಂಟೂವರೆಗೆ ಹೇಳಿದರು. ಹೇಳಿದವನು ಸಿದ್ದಾರ್ಥ. ಮೂವತ್ತು ದಾಟದ ವಯಸ್ಸು. ಬೆಂಗಳೂರಿನಿಂದ ಬಂದು ಮೂರು ದಿನವಾಗಿತ್ತು. ಸಕ್ಕರೆ ಹೇಗಾಗುತ್ತದೆ ಎಂದು ಕೇಳುವ ಗೋಜಿಗೆ ಅವನು ಅಷ್ಟರಲ್ಲಿ ಹೋಗಿರಲಿಲ್ಲ. ಆಮೇಲೂ ಹೋಗಲಿಲ್ಲ.

ಮುಧೋಳದಿಂದ ಜಮಖಂಡಿಗೆ ಹೋಗುವ ದಾರಿಯ ಆ ಕಾರ್ಖಾನೆ ಮೊದಲು ಸಹಕಾರಿ ಸಂಘದ್ದಾಗಿತ್ತು. ಸಂಘ ಕೈಚೆಲ್ಲಿದ ಮೇಲೆ ಪುಣೆಯ ಕಂಪನಿಯೊಂದು ಗುತ್ತಿಗೆ ಹಿಡಿಯಿತು. ಮೂರನೇ ಪ್ಯಾನಿನ ಉಗಿಯ ವಾಲ್ವ್ ಎರಡು ಹಂಗಾಮಿನಿಂದ ಸೋರುತ್ತಿದೆ, ಹೊಸದು ಕಳಿಸಿ ಎಂದು ಕೆಲಸಗಾರರು ಬರೆದುಕೊಂಡಿದ್ದರು. ಕಂಪನಿ ವಾಲ್ವ್ ಕಳಿಸಲಿಲ್ಲ. ಸಿದ್ದಾರ್ಥನನ್ನು ಕಳಿಸಿತು.

ಪ್ಯಾನು ಎಂದರೆ ಎರಡಾಳೆತ್ತರದ ಉಕ್ಕಿನ ಹಂಡೆ. ಅದರೊಳಗಿನ ಗಾಳಿ ತೆಗೆದು ಕಬ್ಬಿನ ಪಾಕವನ್ನು ಹದವಾದ ಶಾಖದಲ್ಲಿ ಕುದಿಸುತ್ತಾರೆ. ಸಮಯ ನೋಡಿ ಸಕ್ಕರೆಯ ನುಣ್ಣನೆಯ ಹಿಟ್ಟನ್ನು ಬೀಜವಾಗಿ ಬಿಡುತ್ತಾರೆ. ಆ ಬೀಜ ಮೂರು ತಾಸು ಪಾಕ ಕುಡಿಯುತ್ತ ಕಾಳಾಗಿ ಬೆಳೆಯಬೇಕು. ಪಾಕ ಹೆಚ್ಚು ಗಟ್ಟಿಯಾದರೆ ಯಾರೂ ಕರೆಯದ ಸಣ್ಣ ಕಾಳು ತಾವೇ ಹುಟ್ಟಿಕೊಳ್ಳುತ್ತವೆ. ತೆಳುವಾದರೆ ಇದ್ದವೂ ಕರಗುತ್ತವೆ. ಪ್ಯಾನ್‌ಮನ್ ಗಳಿಗೆಗೊಮ್ಮೆ ಮಾದರಿ ತೆಗೆದು, ಗಾಜಿನ ಚೂರಿನ ಮೇಲೆ ಸವರಿ, ಬೆಳಕಿಗೆ ಹಿಡಿದು ನೋಡುತ್ತಾನೆ. ಎರಡು ಬೆರಳಿನ ನಡುವೆ ಎಳೆದು ನೋಡುತ್ತಾನೆ. ಕಾಳು ತುಂಬಿತು ಅನ್ನಿಸಿದಾಗ ಕೆಳಗಿನ ಬಾಯಿ ತೆರೆಯುತ್ತಾನೆ. ಇದಕ್ಕೆ ಪ್ಯಾನು ಇಳಿಸುವುದು ಎನ್ನುತ್ತಾರೆ. ತುಂಬುವ ಮೊದಲೇ ಇಳಿಸಿದರೆ ಕೆಳಗಿನ ತಿರುಗುವ ಜರಡಿಯಲ್ಲಿ ಸಣ್ಣ ಕಾಳೆಲ್ಲ ನುಸುಳಿ ಕಾಕಂಬಿ ಎಂಬ ಉಳಿಕೆ ಪಾಕದೊಂದಿಗೆ ಹೋಗಿಬಿಡುತ್ತವೆ. ಹನ್ನೆರಡು ತಿಂಗಳು ಹೊಲದಲ್ಲಿ ನಿಂತ ಕಬ್ಬಿನ ಸಿಹಿ, ಸಾರಾಯಿ ಭಟ್ಟಿಯ ಟ್ಯಾಂಕರಿನ ಪಾಲು.

ಸಿದರಾಯ ಗಲಗಲಿ ಕಡೆಯವನು, ಬೀರೇಶ್ವರನ ಒಕ್ಕಲು. ಅವನ ಅಪ್ಪ ಮಾಳು ಕೃಷ್ಣೆಯ ದಂಡೆಯಲ್ಲಿ ಮುನ್ನೂರು ಕುರಿ ಕಾಯುತ್ತಿದ್ದ. ಆಲಮಟ್ಟಿಯ ಹಿನ್ನೀರು ಏರಿದ ವರ್ಷಗಳಲ್ಲಿ ಹುಲ್ಲು ಮುಳುಗಿತು. ಆ ಹುಲ್ಲಿಗೆ ಯಾರ ಹೆಸರಿನ ಪಹಣಿ ಉತಾರವೂ ಇರಲಿಲ್ಲ, ಹಾಗಾಗಿ ಅದು ಮುಳುಗಿದ್ದಕ್ಕೂ ಕಾಗದವಿಲ್ಲ. ಕುರಿ ಮಾರಿದರು. ಅದೇ ನೀರು ಹರಿದ ಕಡೆಯೆಲ್ಲ ಕಬ್ಬು ಎದ್ದಿತು, ಕಬ್ಬಿನ ಹಿಂದೆ ಕಾರ್ಖಾನೆ ಎದ್ದಿತು. ಸಿದರಾಯ ಅದರ ಗೋಡೆಗೆ ಇಟ್ಟಿಗೆ ಹೊತ್ತ, ಆಮೇಲೆ ಪ್ಯಾನಿನ ಅಟ್ಟ ಗುಡಿಸುವ ಕೆಲಸಕ್ಕೆ ಸೇರಿದ.

ಅಲ್ಲಿನ ಹಿರಿಯ ಪ್ಯಾನ್‌ಮನ್ ಸಾಂಗಲಿಯಲ್ಲಿ ಕಲಿತು ಬಂದ ಪಾಂಡಪ್ಪ. ಎರಡು ವರ್ಷ ಅವನು ಸಿದರಾಯನತ್ತ ತಿರುಗಿಯೂ ನೋಡಲಿಲ್ಲ. ಒಂದು ದಿನ ಏನನ್ನಿಸಿತೋ, ಗಾಜು ಮುಂದೆ ಹಿಡಿದ.

"ಏನ ಕಾಣತೈತಿ ಹೇಳು."

ಸಿದರಾಯ ಬಹಳ ಹೊತ್ತು ನೋಡಿದ. "ಎಲ್ಲಾ ಒಂದ ಈತದ ಮರಿ ಅದಾವ್ರಿ. ಈ ಮೂಲ್ಯಾಗ ಒಂದಿಷ್ಟು ಬ್ಯಾರೆ ಹಿಂಡಿನ್ವು ಹೊಕ್ಕಾವ."

ಪಾಂಡಪ್ಪ ಗಾಜು ಕೆಳಗಿಟ್ಟ. ಬಿಸಿನೀರು ಬಿಟ್ಟು ಆ ಹೊರಗಿನ ಮರಿಗಳನ್ನು ಕರಗಿಸಿದ. ಮರುದಿನದಿಂದ ಸಿದರಾಯ ಕಸಬರಿಗೆ ಹಿಡಿಯಲಿಲ್ಲ. ಪಾಂಡಪ್ಪ ನಿವೃತ್ತನಾದಾಗ ಮೂರನೇ ಪ್ಯಾನು ಇವನ ಕೈಗೆ ಬಂತು. ಅದರ ಮುಂದೆ ನಿಂತೇ ತನ್ನ ಸರ್ವೀಸು ಮುಗಿಯಬೇಕು. ಇದೊಂದನ್ನು ಬಿಟ್ಟರೆ ಕಾರ್ಖಾನೆಯಿಂದ ಅವನು ಬೇರೇನೂ ಬಯಸಿದವನಲ್ಲ.

ಸಿದ್ದಾರ್ಥ ತಂದದ್ದು ಅಜೈಲ್ ಎಂಬ, ಸಾಫ್ಟ್‌ವೇರ್ ಕಂಪನಿಗಳ ಕೆಲಸದ ಪದ್ಧತಿ. ಹಿಂದಿನ ಕೆಲಸದಲ್ಲಿ ಅವನು ಮೊಬೈಲಿನಲ್ಲಿ ಸಿನಿಮಾ ಟಿಕೆಟ್ ಮಾರುವವರಿಗೆ ಇದನ್ನು ಕಲಿಸಿದ್ದನಂತೆ. ಅಲ್ಲಿ ನಡೆದದ್ದು ಇಲ್ಲೂ ನಡೆಯುತ್ತದೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅನುಮಾನ ಪಡಲು ಅವನಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಪ್ಯಾನಿನ ಅಟ್ಟದ ಗೋಡೆಗೆ ಬಿಳಿ ಹಲಗೆ ಬಂತು. ಮಾಡಬೇಕಾದದ್ದು, ನಡೆಯುತ್ತಿರುವುದು, ಮುಗಿದದ್ದು ಎಂದು ಮೂರು ಸಾಲು. ಒಂದೊಂದು ಪ್ಯಾನಿಗೆ ಒಂದೊಂದು ಹಳದಿ ಚೀಟಿ. ಪ್ಯಾನು ಇಳಿದರೆ ಚೀಟಿ ಮೂರನೇ ಸಾಲಿಗೆ ಹೋಗುತ್ತದೆ, ಇಳಿಸಿದವನ ಹೆಸರಿಗೆ ಪಾಯಿಂಟು ಬೀಳುತ್ತದೆ. ಎರಡೆರಡು ವಾರದ ಕೆಲಸಕ್ಕೆ ಓಟ ಎಂದು ಹೆಸರು. ಯಾರು ಎಲ್ಲಿಗೆ ಓಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಹಂಗಾಮಿನ ಕೊನೆಯಲ್ಲಿ ಪಾಯಿಂಟು ಎಲ್ಲರಿಗಿಂತ ಕಡಿಮೆ ಇದ್ದವನನ್ನು ಪ್ಯಾನಿನಿಂದ ತೆಗೆದು ಕಬ್ಬಿನ ಗಾಡಿ ನಿಲ್ಲುವ ಯಾರ್ಡಿಗೆ ಹಾಕುತ್ತೇವೆ ಎಂಬುದು ಮಾತ್ರ ಎಲ್ಲರಿಗೂ ತಿಳಿಯಿತು.

ಅದನ್ನು ಓದಿ ಹೇಳಿದವನು ಜನರಲ್ ಮ್ಯಾನೇಜರ್ ಕಾಶಪ್ಪ. ಕಬ್ಬಿನ ವಿಭಾಗದ ಕಾರಕೂನನಾಗಿ ಸೇರಿ, ಮೂರು ಆಡಳಿತ ಮಂಡಳಿಗಳಿಗೆ ಒಂದೇ ನಗು ನಕ್ಕು ಆ ಕುರ್ಚಿಗೆ ಬಂದವನು. ಕುದಿಯುವ ಪ್ಯಾನು ಬಿಟ್ಟು ನಿಲ್ಲಬಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳದೆ ಇರುವುದರಲ್ಲಿ ಅವನಷ್ಟು ಅನುಭವಿ ಆ ಕಾರ್ಖಾನೆಯಲ್ಲಿ ಮತ್ತೊಬ್ಬನಿರಲಿಲ್ಲ.

ದಿನಾ ಎಂಟೂವರೆಗೆ ಹಲಗೆಯ ಮುಂದೆ ಎಲ್ಲರೂ ನಿಲ್ಲಬೇಕು. ಮೂರು ಪ್ರಶ್ನೆ.

"ಸಿದರಾಯ ಅವರೇ, ನಿನ್ನೆ ಏನ್ ಮಾಡಿದ್ರಿ?"

"ಸಕ್ರಿ ಕುದಿಸಿದೆನ್ರಿ."

"ಇವತ್ತು ಏನ್ ಮಾಡ್ತೀರಿ?"

"ಇವತ್ತೂ ಅದನ್ನ ಕುದಿಸಾಕತ್ತಿದ್ದೆ. ನೀವು ಕರದ್ರಿ, ಬಂದೇನಿ."

"ಏನಾದ್ರೂ ಅಡ್ಡಿ ಇದೆಯಾ?"

"ವಾಲ್ವ್ ಸೋರತೈತ್ರಿ."

ಹಿಂದೆ ನಿಂತವರು ನಕ್ಕರು. ಸಿದ್ದಾರ್ಥನೂ ನಕ್ಕ. ಜನ ಮನಬಿಚ್ಚಿ ಮಾತಾಡುತ್ತಿದ್ದಾರೆಂದು ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. "ಥ್ಯಾಂಕ್ಯೂ, ತುಂಬಾ ಒಳ್ಳೆ ಪಾಯಿಂಟ್. ಸದ್ಯಕ್ಕೆ ಇದನ್ನ ಪಾರ್ಕಿಂಗ್‌ನಲ್ಲಿ ಇಡೋಣ" ಎಂದು ಹಲಗೆಯ ಕೆಳಮೂಲೆಯಲ್ಲಿ ಬರೆದ. ಉತ್ತರ ಬೇಕಿಲ್ಲದ ಪ್ರಶ್ನೆಗಳ ಜಾಗ ಅದು. ಸಿದರಾಯ ಎಪ್ಪತ್ತು ದಿನ ಅದೇ ಅಡ್ಡಿ ಹೇಳಿದ. ಎಪ್ಪತ್ತು ದಿನವೂ ಥ್ಯಾಂಕ್ಯೂ ಸಿಕ್ಕಿತು.

ಹಲಗೆಯ ಗುಟ್ಟು ಮೊದಲು ಅರ್ಥವಾದದ್ದು ಒಂದನೇ ಪ್ಯಾನಿನ ಗಿರಿಮಲ್ಲಪ್ಪನಿಗೆ. ಅದು ಇಳಿದ ಪ್ಯಾನುಗಳನ್ನು ಎಣಿಸುತ್ತದೆ, ಕಾಳುಗಳನ್ನು ನೋಡುವುದಿಲ್ಲ. ಮೂರು ತಾಸಿನ ಪ್ಯಾನನ್ನು ಅವನು ಎರಡೂಕಾಲು ತಾಸಿಗೆ ಇಳಿಸತೊಡಗಿದ. ವಾರದೊಳಗೆ ಎರಡನೆಯವನೂ, ನಾಲ್ಕನೆಯವನೂ ಕಲಿತರು. ಮೂರನೇ ಸಾಲು ಹಳದಿಯಿಂದ ತುಂಬಿತು. ಸಿದ್ದಾರ್ಥ ಅದರ ಫೋಟೋ ತೆಗೆದು ಪುಣೆಗೆ ಕಳಿಸಿದ. ಸಿದರಾಯನ ಹೆಸರಿನ ಎದುರು ಮಾತ್ರ ಚೀಟಿಗಳು ವಿರಳ.

"ಮಾವಾ, ನೀ ಏನ ಮುತ್ತು ಬೆಳಸಾಕತ್ತೀಯೇನ?" ಗಿರಿಮಲ್ಲಪ್ಪ ಚಹಾದ ಕಟ್ಟೆಯಲ್ಲಿ ಕೆಣಕಿದ. "ಅಂವ ಎಣಿಸಾಂವ, ನಾವು ಇಳಿಸಾವ್ರು. ಮುಗೀತ."

"ನಿನ್ನ ಕಾಳು ನೋಡೇನಿ. ಇರಿವಿನೂ ಮೂಸೂದಿಲ್ಲ."

"ಇರಿವಿ ಪಾಯಿಂಟ ಕೊಡೂದಿಲ್ಲಲಾ, ಮಾವಾ."

ಪ್ರಯೋಗಾಲಯದ ರಾಧಿಕಾ ಬನಹಟ್ಟಿಯ ಹುಡುಗಿ, ನೇಕಾರರ ಮನೆಯವಳು. ಕಾಕಂಬಿಯಲ್ಲಿ ಎಷ್ಟು ಸಕ್ಕರೆ ಉಳಿದು ಹೋಗುತ್ತಿದೆ ಎಂದು ದಿನವೂ ಪರೀಕ್ಷಿಸುವುದು ಅವಳ ಕೆಲಸ. ಡಿಸೆಂಬರಿನಲ್ಲಿ ಅಂಕಿಗಳು ಏರಿದ್ದನ್ನು ಕಂಡು ಕಾಗದ ಹಿಡಿದು ಎಂಟೂವರೆಯ ಸಭೆಗೆ ಬಂದಳು. ಸಕ್ಕರೆ ಚೀಲಕ್ಕೆ ಹೋಗುತ್ತಿಲ್ಲ, ಕಾಕಂಬಿಗೆ ಹೋಗುತ್ತಿದೆ ಎಂದಳು. ಸಿದ್ದಾರ್ಥ ಗಮನವಿಟ್ಟು ಕೇಳಿದ. ಗಮನವಿಟ್ಟು ಕೇಳುವುದಕ್ಕೆ ಅವನಿಗೆ ತರಬೇತಿಯಾಗಿತ್ತು. ಆಮೇಲೆ ಅದನ್ನೂ ಕೆಳಮೂಲೆಯಲ್ಲಿ, ವಾಲ್ವಿನ ಪಕ್ಕ ಬರೆದ.

ಸಂಕ್ರಾಂತಿ ಕಳೆದ ಮೇಲೆ ಸಿದರಾಯನ ನಿದ್ದೆ ಕೆಟ್ಟಿತು. ಹೆಂಡತಿ ಯಲ್ಲಕ್ಕ ರೊಟ್ಟಿ ತಟ್ಟುತ್ತ ಕೇಳಿದಳು.

"ಯಾರ್ಡಿಗೆ ಹಾಕಿದರ ಪಗಾರ ಕಮ್ಮಿ ಆಗತೈತೇನ್ರಿ?"

"ಇಲ್ಲ. ಅಷ್ಟ ಕೊಡ್ತಾರ."

"ಮತ್ಯಾಕ ಹಿಂಗ ಉಣ್ಣಲಾರದ ಕುಂಡರ್ತೀರಿ?"

ಅವನು ಕೈ ಬಿಚ್ಚಿ ಬೆರಳು ನೋಡಿಕೊಂಡ. "ಅಲ್ಲೆ ಈ ಕೈಗೆ ಕೆಲಸ ಇಲ್ಲ ಬೇ. ಬರೇ ಟ್ರ್ಯಾಕ್ಟರ್ ಸಾಲಿಗೆ ಹಚ್ಚೂದು." ಯಲ್ಲಕ್ಕ ಇನ್ನೊಂದು ರೊಟ್ಟಿ ತಟ್ಟಿದಳು. ಕುರಿ ಮಾರಿದ ವರ್ಷ ಮಾವ ಮಾಳು ಹೀಗೆಯೇ ತಟ್ಟೆಯ ಮುಂದೆ ಕೂತಿರುತ್ತಿದ್ದುದನ್ನು ಅವಳು ಕಂಡಿದ್ದಳು.

ಫೆಬ್ರುವರಿಯಲ್ಲಿ ಪುಣೆಯಿಂದ ನಾಲ್ವರು ನಿರ್ದೇಶಕರು ಬರುವುದೆಂದಾಯಿತು. ಮೆಟ್ಟಿಲಿಗೆ ಹತ್ತಿರವಿದ್ದದ್ದು ಮೂರನೇ ಪ್ಯಾನು. ಅವರು ಒಂಬತ್ತೂಕಾಲಿಗೆ ಮೇಲೆ ಬರುತ್ತಾರೆ, ಆಗ ಪ್ಯಾನು ಇಳಿಯಬೇಕು, ಚೀಟಿ ಅವರ ಕಣ್ಣೆದುರೇ ಮೂರನೇ ಸಾಲಿಗೆ ಹೋಗಬೇಕು ಎಂದು ಸಿದ್ದಾರ್ಥ ಹೇಳಿದ. ಸಿದರಾಯ ಲೆಕ್ಕ ಹಾಕಿ ಆರು ಗಂಟೆಗೇ ಬೀಜ ಬಿಟ್ಟ. ಏಳಕ್ಕೆ ಬಾಯ್ಲರಿನಲ್ಲಿ ಉಗಿ ಬಿದ್ದುಹೋಯಿತು. ಮತ್ತೆ ಏರುವಷ್ಟರಲ್ಲಿ ಮುಕ್ಕಾಲು ತಾಸು ಕಳೆದಿತ್ತು.

ಒಂಬತ್ತೂಕಾಲಿಗೆ ಬೂಟುಗಳು ಮೆಟ್ಟಿಲೇರಿದವು. ಸಿದರಾಯ ಗಾಜು ನೋಡಿದ. ಕಾಳು ಇನ್ನೂ ಎಳೆಯವು.

"ಇನ್ನ ಅರ್ಧಾ ತಾಸ ಬೇಕ್ರಿ" ಎಂದ.

ಸಿದ್ದಾರ್ಥ ನಗುತ್ತಲೇ ಕಾಶಪ್ಪನನ್ನು ನೋಡಿದ. ಕಾಶಪ್ಪ ಸಿದರಾಯನ ಕಿವಿಯ ಹತ್ತಿರ ಬಂದ.

"ಸಿದರಾಯ, ಕಡೀ ಹೆಸರು ನಿಂದ ಐತಿ, ಗೊತ್ತದಲ್ಲ? ಇವತ್ತ ಇಳಿಸು. ಯಾರ್ಡಿನ ಪಟ್ಟ್ಯಾಗ ನಿನ್ನ ಹೆಸರು ಬರಲಾರದಂಗ ನಾ ನೋಡ್ಕೋತೇನಿ."

"ಕಾಳು ತುಂಬಿಲ್ರಿ."

"ಅವ್ರೇನು ಕಾಳು ನೋಡಾಕ ಬಂದಾರೇನು?"

ಸಿದರಾಯ ಹಿಡಿಕೆ ತಿರುಗಿಸಿದ. ಹತ್ತು ವರ್ಷದಲ್ಲಿ ಮೊದಲ ಸಲ ಹಸಿ ಪ್ಯಾನು ಅವನ ಕೈಯಿಂದ ಇಳಿಯಿತು. ಸಿದ್ದಾರ್ಥ ಚೀಟಿಯನ್ನು ಮೂರನೇ ಸಾಲಿಗೆ ಅಂಟಿಸಿದ. ನಾಲ್ವರೂ ಚಪ್ಪಾಳೆ ತಟ್ಟಿದರು. ಒಬ್ಬ ಸಿದರಾಯನ ಕೈ ಕುಲುಕಿ, ಅಂಟಿದ ಪಾಕ ಒರೆಸಿಕೊಳ್ಳಲು ಕರವಸ್ತ್ರ ಹುಡುಕಿದ. ಆಮೇಲೆ ಎಲ್ಲರೂ ಗೆಸ್ಟ್ ಹೌಸಿಗೆ ಶಿರಾ ತಿನ್ನಲು ಹೋದರು. ಕೆಳಗೆ ಜರಡಿಗಳು ಕಟ್ಟಿಕೊಂಡು ಯಂತ್ರ ನಡುಗುತ್ತಿತ್ತು.

ಸಿದರಾಯ ನೇರವಾಗಿ ಪ್ರಯೋಗಾಲಯಕ್ಕೆ ನಡೆದ. ಪ್ಯಾನು ಕೆಟ್ಟರೆ ಕಾರಣ ಬರೆಯಲು ಅಲ್ಲೊಂದು ರಿಜಿಸ್ಟರಿತ್ತು. ಪಾಂಡಪ್ಪನ ಕಾಲದಲ್ಲಿ ಕೆಡಿಸಿದವನೇ ಬಂದು ಕಾರಣ ಬರೆಸಿ ಸಹಿ ಮಾಡುವ ರೂಢಿಯಿತ್ತು. ಈ ಹಂಗಾಮಿನಲ್ಲಿ ಅದರಲ್ಲಿ ಒಂದು ಸಾಲೂ ಬಿದ್ದಿರಲಿಲ್ಲ.

"ಬರಿ ಯವ್ವಾ. ಮೂರನೇ ಪ್ಯಾನ, ಕಾಳು ತುಂಬೂಕಿಂತ ಮೊದಲ ಇಳಿಸೇನಿ."

ರಾಧಿಕಾ ಪೆನ್ನು ಎತ್ತಲಿಲ್ಲ. "ಬ್ಯಾಡ ಬಿಡ್ರಿ ಕಾಕಾ. ಗಿರಿಮಲ್ಲಪ್ಪಣ್ಣಾರು ದಿನಾ ಹಿಂಗ ಇಳಸ್ತಾರ. ಒಂದ ದಿನನೂ ಬಂದು ಬರಸಿಲ್ಲ."

"ಅವನ ಪ್ಯಾನ ಅವಂದು. ಇದು ನಂದು."

"ಕಾರಣ ಏನಂತ ಬರೀಲಿ? ಸಾಹೇಬ್ರು ಹೇಳಿದ್ರು ಅಂತ ಹಾಕಲೇನ್ರಿ?"

ಸಿದರಾಯ ರಿಜಿಸ್ಟರನ್ನು ಅವಳತ್ತ ಸರಿಸಿದ. "ಹಿಡಿಕಿ ಅವರು ತಿರುವಿಲ್ಲ. ನನ್ನ ಹೆಸರ ಹಾಕು." ಸಹಿ ಮಾಡಿ ಹೊರಟ.

ಮಾರ್ಚಿನಲ್ಲಿ ಪುಣೆಯವರಿಗೆ ತಲೆಬಿಸಿ ಶುರುವಾಯಿತು. ಚೀಟಿಗಳು ಎಂದಿಗಿಂತ ಹೆಚ್ಚು ಓಡಿದ್ದವು, ಅದೇ ಕಬ್ಬಿನಿಂದ ಬಂದ ಸಕ್ಕರೆ ಎಂದಿಗಿಂತ ಕಡಿಮೆ. ಮೂಲ ಕಾರಣ ಹುಡುಕಿ ಎಂದರು. ಸಿದ್ದಾರ್ಥ ಎರಡು ದಿನ ಲ್ಯಾಪ್‌ಟಾಪಿನ ಮುಂದೆ ಕೂತ. ಹಲಗೆಯಲ್ಲಿ ಕಾರಣ ಇರುವುದು ಸಾಧ್ಯವಿರಲಿಲ್ಲ, ಹಲಗೆ ಅವನದು. ಗಿರಿಮಲ್ಲಪ್ಪನಲ್ಲೂ ಇರುವಂತಿರಲಿಲ್ಲ, ಆ ಹೆಸರು ಪಟ್ಟಿಯ ತುದಿಯಲ್ಲಿತ್ತು. ಆಗ ರಿಜಿಸ್ಟರ್ ತರಿಸಿದ. ಇಡೀ ಹಂಗಾಮಿಗೆ ಅದರಲ್ಲಿ ಒಂದೇ ಒಂದು ದಾಖಲೆ, ಅದರ ಕೆಳಗೆ ಒಂದೇ ಸಹಿ. ನಾಲ್ಕು ತಿಂಗಳು ಕಾಕಂಬಿಗೆ ಹರಿದ ಸಕ್ಕರೆಗೆ ಕಾರಣ ಸಿಕ್ಕಿತು. ಹೊಸ ಪದ್ಧತಿಗೆ ಹೊಂದಿಕೊಳ್ಳದ ಒಬ್ಬ ಹಳೆಯ ಕೆಲಸಗಾರ, ತಪ್ಪನ್ನು ತಾನೇ ಒಪ್ಪಿಕೊಂಡಿದ್ದಾನೆ ಎಂದು ಸಭೆಯಲ್ಲಿ ಪರದೆಯ ಮೇಲೆ ಬಣ್ಣ ಬಣ್ಣವಾಗಿ ಬಂತು. ರಾಧಿಕಾ ಎದ್ದು ನಿಂತು ಉಳಿದ ಮೂರು ಪ್ಯಾನುಗಳ ಅಂಕಿಗಳನ್ನು ಓದಿದಳು. ಓದಿ ಮುಗಿಸುವವರೆಗೂ ಸಿದ್ದಾರ್ಥ ತಲೆಯಾಡಿಸಿದ, ಥ್ಯಾಂಕ್ಯೂ ಅಂದ, ಮುಂದಿನ ಪುಟಕ್ಕೆ ಹೋದ. ಫೆಬ್ರುವರಿಯಲ್ಲಿ ಕೊಟ್ಟ ಮಾತನ್ನು ಕಾಶಪ್ಪನಿಗೆ ಯಾರೂ ನೆನಪಿಸಲಿಲ್ಲ. ನೆನಪಿಸಬೇಕಾದವನು ಆ ಹೊತ್ತು ಪ್ಯಾನಿನ ಮುಂದೆ ನಿಂತಿದ್ದ.

ಹಂಗಾಮು ಮುಗಿಯಲು ನಾಲ್ಕು ದಿನ ಇರುವಾಗ ಆದೇಶ ಬಂತು. ಬೆಳಿಗ್ಗೆ ಹನ್ನೊಂದರಿಂದ ಮೂರನೇ ಪ್ಯಾನು ಗಿರಿಮಲ್ಲಪ್ಪನಿಗೆ, ಸಿದರಾಯ ಯಾರ್ಡಿಗೆ. ಕಾಶಪ್ಪ ಕಾಗದ ಹಿಡಿದು ಮೇಲೆ ಬಂದಾಗ ಬೀಜ ಬಿಟ್ಟು ಒಂದು ತಾಸಾಗಿತ್ತು. ಹಿಂದೆ ಗಿರಿಮಲ್ಲಪ್ಪ ತಲೆ ತಗ್ಗಿಸಿ ನಿಂತಿದ್ದ.

"ಮಾವಾ, ನಾ ಏನೂ ಹೇಳಿಲ್ಲ. ಬೀರಪ್ಪನ ಆಣಿ."

"ಗೊತ್ತೈತಿ. ಅಲ್ಲೆ ನಿಲ್ಲು. ಕೈ ಹಚ್ಚಬ್ಯಾಡ."

"ಸಿದರಾಯ, ಈಗಿಂದೀಗ ಬಿಡಬೇಕಂತ ಬರದಾರ" ಎಂದ ಕಾಶಪ್ಪ.

"ಬರದವ್ರ್ನ ಕರೀರಿ. ಬಂದು ಕಾಳು ನೋಡ್ಲಿ. ತುಂಬ್ಯಾವ ಅಂದ್ರ ಈಗ ಬಿಡ್ತೇನಿ."

ಯಾರೂ ಬರಲಿಲ್ಲ. ಬಂದಿದ್ದರೂ ಏನು ನೋಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಕಾಶಪ್ಪ ಫೋನು ಬಂದವನಂತೆ ಕೆಳಗಿಳಿದ. ಸಿದರಾಯ ಎರಡು ತಾಸು ಪಾಕ ಕುಡಿಸುತ್ತ, ನೋಡುತ್ತ, ಬೆರಳಿನಲ್ಲಿ ಎಳೆಯುತ್ತ ನಿಂತ. ಸೋರುವ ವಾಲ್ವಿಗೆ ಎಂದಿನಂತೆ ಗೋಣಿತಟ್ಟು ಸುತ್ತಿದ. ಗಿರಿಮಲ್ಲಪ್ಪ ಅಷ್ಟು ಹೊತ್ತೂ ಕೂರಲಿಲ್ಲ. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಸಿದರಾಯ ಹಿಡಿಕೆ ತಿರುಗಿಸಿದ. ದಪ್ಪ, ಸಮನಾದ ಕಾಳು ಭಾರವಾಗಿ, ನಿಧಾನವಾಗಿ ಇಳಿಯಿತು. ಅವನು ಬಿಸಿನೀರಿನಲ್ಲಿ ಕೈ ತೊಳೆದು ಮೆಟ್ಟಿಲು ಇಳಿದು ಯಾರ್ಡಿನ ಕಡೆ ಹೋದ.

ಅವತ್ತು ಸಂಜೆ ಸಿದ್ದಾರ್ಥ ಹಲಗೆಯ ಫೋಟೋ ತೆಗೆದ. ಆದೇಶ ಹನ್ನೊಂದರಿಂದ ಜಾರಿಯಾಗಿದ್ದರಿಂದ ಆ ಪ್ಯಾನಿನ ಚೀಟಿ ಗಿರಿಮಲ್ಲಪ್ಪನ ಹೆಸರಿನ ಎದುರು ಅಂಟಿತ್ತು. ಹಂಗಾಮಿನಲ್ಲೇ ಉತ್ತಮ ಸಕ್ಕರೆ ಅದರಿಂದ ಬಂದಿದೆ, ಬದಲಾವಣೆಯ ಫಲ ಮೊದಲ ದಿನವೇ ಕಾಣುತ್ತಿದೆ ಎಂದು ಅವನು ಪುಣೆಗೆ ಬರೆದ.